ಉತ್ತುತ್ತೆ ಬಾಯಲ್ಲಿಟ್ಟು ಬಂದ ಅತಿಥಿಗಳು

ನನಗೆ ಅರವತ್ತು ತುಂಬುವ ದಿನ ಅಂಗಳದಲ್ಲಿ ಕೆಂಡ ಹಾಕಿ, ಒಂದಿಷ್ಟು ಕೋಳಿ ಕಾಲು, ನಾಲ್ಕು ಬದನೆಕಾಯಿ, ಮುಸುಕಿನ ಜೋಳ ಸುಟ್ಟು, ಅಡುಗೆ ಬಲ್ಲ ಗೆಳೆಯರ ಜೊತೆ ಕೂತು ತಿನ್ನಬೇಕೆಂದು ನಾನು ಹೇಳಿದಾಗ ಓಣಿಯವರೆಲ್ಲ ನನಗೆ ಅರಳುಮರಳು ಶುರುವಾಯಿತೆಂದೇ ತಿಳಿದರು. ಬೇರೆ ಊರಿನವರಾದರೆ ಇದರಲ್ಲೇನು ವಿಶೇಷ ಎಂದು ಕೇಳಬಹುದು. ನಮ್ಮೂರಿನಲ್ಲಿ ಬೆಂಕಿಗೆ ಸಲಹೆ ಆಗಿಬರುವುದಿಲ್ಲ. ಒಲೆ ಮುಂದೆ ನಿಂತವರಿಗೆ ಯಾರಾದರೂ "ಉರಿ ಸ್ವಲ್ಪ ಕಮ್ಮಿ ಮಾಡು" ಅಂದರೆ ಮುಗಿಯಿತು, ಬೆಂಕಿ ಪೂರ್ತಿ ಆರಿಹೋಗುತ್ತದೆ. ಸೌದೆ ಒಲೆಯಾಗಲಿ, ಸೀಮೆಎಣ್ಣೆ ಸ್ಟವ್ ಆಗಲಿ, ಗ್ಯಾಸ್ ಆಗಲಿ, ಎಲ್ಲಕ್ಕೂ ಒಂದೇ ಹಟ. ಹೊಗಳಿದರೆ ಆರುವುದಿಲ್ಲ, ಬೈದರೆ ಆರುವುದಿಲ್ಲ, ಒಲೆ ಪಕ್ಕದಲ್ಲೇ ನಿಂತು ಗಂಡ ಹೆಂಡಿರು ಜಗಳ ಕಾದರೂ ಆರುವುದಿಲ್ಲ. ಬುದ್ಧಿ ಹೇಳಿದರೆ ಮಾತ್ರ ಆರುತ್ತದೆ.

ಹಾಗಾಗಿ ನಮ್ಮಲ್ಲಿ ಅಡುಗೆಮನೆಗೆ ಒಳಗಿನಿಂದ ಚಿಲಕ. ಅತ್ತೆಯಂದಿರು ಸೊಸೆಯರಿಗೆ ಹೇಳುವುದನ್ನೆಲ್ಲ ಬೆಳಗಿನ ಜಾವ ಒಲೆ ಹಚ್ಚುವುದಕ್ಕೆ ಮೊದಲೇ ಹೇಳಿ ಮುಗಿಸುತ್ತಾರೆ. ನಮ್ಮೂರಿನ ಅಡುಗೆ ಪುಸ್ತಕಗಳಲ್ಲಿ "ಎರಡು ಚಮಚ ಕೊತ್ತಂಬರಿ ಬೀಜ ಹಾಕಿ" ಎಂದು ಎಲ್ಲೂ ಇರುವುದಿಲ್ಲ. "ನಾನು ಎರಡು ಚಮಚ ಹಾಕಿದ್ದೆ. ಅದು ನನ್ನಿಷ್ಟ. ನಿಮ್ಮದು ನಿಮಗೆ" ಎಂದಿರುತ್ತದೆ. ತನಗೆ ತಾನೇ ಬುದ್ಧಿ ಹೇಳಿಕೊಂಡರೂ ಬೆಂಕಿ ಬಿಡುವುದಿಲ್ಲ. ಅದಕ್ಕೇ ಅಡುಗೆ ಮಾಡುವಾಗ ಗೊಣಗಾಟ ಬರದಿರಲೆಂದು ನಾವೆಲ್ಲ ಏನಾದರೊಂದು ಹಾಡು ಗುನುಗುತ್ತಿರುತ್ತೇವೆ. ಒಲೆ ಉರಿಯುವ ಹೊತ್ತಿಗೆ ನೆಂಟರು ಬಂದರೆ ಕಾಲಿಗೆ ನೀರು ಕೊಟ್ಟು, ಬಾಯಿಗೆ ಒಂದು ಒಣಗಿದ ಉತ್ತುತ್ತೆ ಕೊಡುವುದು ಪದ್ಧತಿ. ಕಲ್ಲಿನಂಥ ಉತ್ತುತ್ತೆ ನೆನೆದು ಮೆತ್ತಗಾಗುವುದಕ್ಕೆ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಸಾರು ಇಳಿದಿರುತ್ತದೆ.

ಇಂಥ ಊರಿನಲ್ಲಿ ಬಾಗಿಲು ಚಿಲಕವಿಲ್ಲದ ಅಂಗಳದಲ್ಲಿ, ಅದೂ ಅಡುಗೆ ಬಲ್ಲವರನ್ನೇ ಸುತ್ತ ಕೂರಿಸಿಕೊಂಡು, ಕೆಂಡ ಹಾಕುತ್ತೇನೆಂದರೆ ಯಾರು ನಗುವುದಿಲ್ಲ? ಒಲೆ ಆರಿದರೆ ಕಡ್ಡಿ ಗೀರಿದರಾಯಿತು. ಇಜ್ಜಲು ಆರಿದರೆ ಮತ್ತೆ ಕೆಂಡವಾಗುವುದಕ್ಕೆ ಮುಕ್ಕಾಲು ಗಂಟೆ.

ಆದರೆ ನನಗೆ ಅಂಗಳವೇ ಬೇಕಿತ್ತು, ಏಕೆಂದರೆ ನನಗೆ ಮಣಿ ಬೇಕಿತ್ತು. ಚೂಡಾಮಣಿ ನಮ್ಮ ಪಕ್ಕದ ಮನೆಯವಳು. ಅವಳ ಅಡುಗೆಮನೆ ಕಿಟಕಿಗೂ ನನ್ನ ಅಡುಗೆಮನೆ ಕಿಟಕಿಗೂ ನಡುವೆ ಒಂದು ಮೊಣಕಾಲೆತ್ತರದ ಗೋಡೆ, ಒಂದು ಕರಿಬೇವಿನ ಗಿಡ, ಅಷ್ಟೇ. ಮೂವತ್ತು ವರ್ಷ ಅವಳು ಆ ಕಿಟಕಿಯಿಂದ ಬೆಳಗಾದರೆ "ಹಾಲು ಉಕ್ಕುತ್ತೆ ನೋಡೇ" ಅನ್ನುತ್ತಿದ್ದಳು. ನನ್ನ ಒಲೆ ಆರುತ್ತಿತ್ತು. ನಾನು ಅವಳ ಏಳು ತಲೆಮಾರನ್ನು ಬೈಯುತ್ತಾ ಮತ್ತೆ ಕಡ್ಡಿ ಗೀರುತ್ತಿದ್ದೆ. ಈಗ ನಾಲ್ಕು ವರ್ಷದಿಂದ ನನ್ನ ಒಲೆ ಬೆಳಿಗ್ಗೆ ಒಮ್ಮೆಯೂ ಆರಿಲ್ಲ. ಹಾಲು ಮಾತ್ರ ದಿನಾ ಉಕ್ಕಿ ಚೆಲ್ಲುತ್ತಿದೆ.

ನಾಲ್ಕು ವರ್ಷದ ಕೆಳಗೆ ನನ್ನ ಮೊಮ್ಮಗಳ ನಾಮಕರಣ. ಹಿತ್ತಲಿನಲ್ಲಿ ನಾಲ್ಕು ಕೋಡೊಲೆ, ಮುನ್ನೂರು ಜನರ ಅಡುಗೆ, ಬಾಡಿಗೆ ಅಡುಗೆಯವರು. ಮಣಿ ನನ್ನನ್ನು ಹುಡುಕಿಕೊಂಡು ಅಲ್ಲಿಗೆ ಬಂದು "ನೀನು ತಿಂಡಿ ತಿಂದ್ಯೇನೇ?" ಎಂದು ಕೇಳಿದಳು. ಅದೇ ಗಳಿಗೆಯಲ್ಲಿ ನಾನು ಅಡುಗೆಯವನ ಕಡೆ ಬಗ್ಗಿ "ಸಾರಿಗೆ ಒಂಚೂರು ಬೆಲ್ಲ ಹಾಕಪ್ಪ" ಅಂದುಬಿಟ್ಟೆ. ನಾಲ್ಕೂ ಒಲೆ ಒಟ್ಟಿಗೆ ಆರಿದವು. ಅನ್ನ ಅರ್ಧ ಬೆಂದಿತ್ತು, ಒದ್ದೆ ಸೌದೆ ಮತ್ತೆ ಹತ್ತಲಿಲ್ಲ, ಮುನ್ನೂರು ಜನ ಅವಲಕ್ಕಿ ಬಾಳೆಹಣ್ಣು ತಿಂದು ಕೈತೊಳೆದರು. "ಯಾರು ಮಾತಾಡಿದ್ದು?" ಎಂದು ಎಲ್ಲರೂ ತಿರುಗಿ ನೋಡಿದಾಗ ಬಾಯಿ ತೆರೆದು ನಿಂತಿದ್ದವಳು ಮಣಿ. ನನ್ನ ಮುಖ ಪಾತ್ರೆಯೊಳಗಿತ್ತು, ಕೂಲಿ ಕೊಡುವವಳೆಂದು ಅಡುಗೆಯವನು ನನ್ನ ಹೆಸರೆತ್ತಲಿಲ್ಲ. ನಾನು ತಲೆ ಎತ್ತಿ 'ನಾನು' ಅನ್ನಬೇಕಿತ್ತು. ಬೀಗರೆಲ್ಲ ನಿಂತಿದ್ದರು. ಅನ್ನಲಿಲ್ಲ.

ಅವತ್ತಿನಿಂದ ಅವಳಿಗೆ ಒಲೆ ಆರಿಸಿದ ಮಣಿ ಎಂದು ಹೆಸರಾಯಿತು. ಅವಳು ಒಂದು ಮಾತೂ ಆಡದೆ ನಾವು ನಾಲ್ವರು ಕಟ್ಟಿಕೊಂಡಿದ್ದ ಅಡುಗೆ ಬಳಗ ಬಿಟ್ಟಳು, ಕಿಟಕಿ ಮುಚ್ಚಿದಳು. ಬೀದಿಯಲ್ಲಿ ನಡೆಯುವಾಗ ಕೂಡ, ಯಾರ ಮನೆಯಲ್ಲಿ ಒಲೆ ಉರಿಯುತ್ತಿದೆಯೋ ಏನೋ ಎಂದು ಕೆನ್ನೆಯಲ್ಲಿ ಉತ್ತುತ್ತೆ ಇಟ್ಟುಕೊಂಡೇ ಓಡಾಡತೊಡಗಿದಳು. ನಾಲ್ಕು ವರ್ಷದಲ್ಲಿ ಅವಳ ಎಡಗೆನ್ನೆ ಒಂದು ಚೂರು ಉಬ್ಬಿಯೇ ನಿಂತಿದೆ. ಅದು ಕಂಡಾಗೆಲ್ಲ ನಾನು ಬೇರೆ ಕಡೆ ತಿರುಗಿಕೊಳ್ಳುತ್ತಿದ್ದೆ. ಅರವತ್ತರ ಊಟಕ್ಕೆ ಅವಳು ಬರಬೇಕು, ಅವಳೆದುರು ನಿಜ ಹೇಳಬೇಕು. ಅಡುಗೆಮನೆಯೊಳಕ್ಕಂತೂ ಅವಳು ಕಾಲಿಡುವುದಿಲ್ಲ, ಅಂಗಳವಾದರೆ ಬಂದಾಳು. ಇದು ನನ್ನ ಲೆಕ್ಕಾಚಾರ.

ಬಳಗದಲ್ಲಿ ಉಳಿದವರು ಇಬ್ಬರು. ಒಬ್ಬರು ಬೋರೇಗೌಡರು, ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಮೇಲೆ ಅಡುಗೆ ಹಿಡಿದವರು, ನಾಟಿ ಕೋಳಿ ಸಾರಿನಲ್ಲಿ ಅವರನ್ನು ಮೀರಿಸುವವರಿಲ್ಲ. ಇನ್ನೊಬ್ಬಳು ಫಿಲೋಮಿನಾ, ಹೊಲಿಗೆ ಟೀಚರು, ಮೀನು ಹುರಿಯುವುದರಲ್ಲಿ ಎತ್ತಿದ ಕೈ. ಇಬ್ಬರನ್ನೂ ಕೂರಿಸಿ ಹೇಳಿದೆ: "ನೋಡಿ, ಬೆಂಕಿ ಹಚ್ಚೋಕೆ ಇನ್ನೂ ಮೂರು ದಿನ ಇದೆ. ನಿಮ್ಮ ಹೊಟ್ಟೇಲಿರೋ ಸಲಹೆ ಎಲ್ಲಾ ಈಗಲೇ ಖಾಲಿ ಮಾಡ್ಬಿಡಿ. ಆವತ್ತು ಒಂದೂ ಉಳೀಬಾರದು."

ಮೂರು ದಿನ ಸಾಕಾಗಲಿಲ್ಲ. ಬೋರೇಗೌಡರು ಬೆಳಿಗ್ಗೆ ಆರಕ್ಕೇ ಬಂದು ಜಗುಲಿಯಲ್ಲಿ ಕೂತು ಟಿಕೆಟ್ ಹರಿದಂತೆ ಒಂದೊಂದೇ ಕೊಡುತ್ತಿದ್ದರು. "ಕೋಳಿಗೆ ಮೊಸರು ಹಾಕಿ ರಾತ್ರಿಯೆಲ್ಲಾ ಬಿಡಿ ಅಕ್ಕಾ. ಕಾಲಿಗೆ ಮೂರು ಗೀರು ಹಾಕಿ, ನಾಲ್ಕು ಬ್ಯಾಡ. ಜಾಲರಿಗೆ ಈರುಳ್ಳಿ ಉಜ್ಜಿ." ಮನೆಗೆ ಹೋಗಿ ಊಟ ಮಾಡಿ, ಮಧ್ಯಾಹ್ನ ಇನ್ನೊಂದು ನೆನಪಾಯಿತೆಂದು ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಫಿಲೋಮಿನಾ ಹದಿನಾರು ಹಾಳೆ ಬರೆದುಕೊಟ್ಟಳು, ಎಲ್ಲವೂ ಭೂತಕಾಲದಲ್ಲಿ. ಕೋಳಿ, ಬದನೆ, ಜೋಳ ಎಂದು ಶುರುವಾದ ನನ್ನ ಸರಳ ಊಟ ಎರಡನೇ ದಿನಕ್ಕೆ ಗೆಣಸು, ಕಡ್ಡಿಗೆ ಪೋಣಿಸಿದ ಅಣಬೆ, ಬಂಗುಡೆ ಮೀನು, ಸುಟ್ಟ ಅನಾನಸ್‌ವರೆಗೆ ಬೆಳೆಯಿತು. ಮೂರನೇ ದಿನ ನಾನು ಕೈಮುಗಿದು ಎಲ್ಲವನ್ನೂ ಹೊಡೆದುಹಾಕಿ ಮತ್ತೆ ಕೋಳಿ, ಬದನೆ, ಜೋಳಕ್ಕೇ ಬಂದು ನಿಂತೆ. ಹಳೇ ಕಿಟಕಿಯ ಕಬ್ಬಿಣದ ಜಾಲರಿ ತೊಳೆದಿಟ್ಟೆ. ಒಡೆದ ಸಿಮೆಂಟ್ ತೊಟ್ಟಿಯನ್ನೇ ಒಲೆ ಮಾಡಿದೆ.

ಅವತ್ತೇ ಸಂಜೆ ಗೋಡೆ ಹತ್ತಿರ ನಿಂತು ಮಣಿಯನ್ನು ಕೂಗಿದೆ. ಅವಳು ಹಿತ್ತಲ ಬಾಗಿಲಿನಿಂದ ಇಣುಕಿ, ಕೆನ್ನೆಯ ಉತ್ತುತ್ತೆಯನ್ನು ಒತ್ತಿಹಿಡಿದು, ನನ್ನ ಮನೆಯ ಕಡೆ ಬೆರಳು ತೋರಿಸಿ ಹುಬ್ಬು ಹಾರಿಸಿದಳು. ಒಲೆ ಉರಿಯುತ್ತಿದೆಯೇ ಎಂದು ಕೇಳುತ್ತಿದ್ದಾಳೆ.

"ಇಲ್ಲ ಕಣೇ, ಎಲ್ಲಾ ಆರಿಸಿದೀನಿ. ತೆಗಿ ಅದನ್ನ."

ಅವಳು ಉತ್ತುತ್ತೆ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು. "ಏನು?"

"ನಾಳೆ ನನಗೆ ಅರವತ್ತು."

"ಗೊತ್ತು. ನನಗಿಂತ ಎರಡು ತಿಂಗಳಿಗೆ ದೊಡ್ಡೋಳು ನೀನು. ಬುದ್ಧಿ ಮಾತ್ರ ಬರ್ಲಿಲ್ಲ."

"ಊಟಕ್ಕೆ ಬಾ. ಅಂಗಳದಲ್ಲೇ ಮಾಡ್ತೀನಿ."

"ನಾನು ಬಂದ್ರೆ ಏನಾಗುತ್ತೆ ಅಂತ ಊರಿಗೆಲ್ಲಾ ಗೊತ್ತಲ್ಲ." ಅವಳು ನನ್ನ ಕಣ್ಣನ್ನೇ ನೋಡಿದಳು. ಆಗಲೇ ಹೇಳಿಬಿಡಬಹುದಿತ್ತು, ಸುತ್ತ ಯಾರೂ ಇರಲಿಲ್ಲ. ನನ್ನ ನಾಲಿಗೆ ಎದ್ದಿತು, ಮತ್ತೆ ಮಲಗಿತು. ಕೊನೆಗೆ ಅವಳೇ "ಗೇಟಿನ ಹತ್ರ ಕೂರ್ತೀನಿ. ಒಂದು ಸ್ಟೂಲ್ ಹಾಕಿಡು" ಎಂದು ಒಳಗೆ ಹೋದಳು.

ಮಾರನೇ ದಿನ ನಾಲ್ಕು ಗಂಟೆಗೆ ಇಜ್ಜಲು ಹಚ್ಚಿದೆ. ಬೋರೇಗೌಡರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಫಿಲೋಮಿನಾ ತಾನೇ ಹೊಲಿದ ಮೇಜುಬಟ್ಟೆ ಹಿಡಿದುಕೊಂಡು ಬಂದರು. ಇಬ್ಬರಿಗೂ ಒಂದೊಂದು ದಪ್ಪ ಉತ್ತುತ್ತೆ ಕೊಟ್ಟೆ. ಮಣಿ ಮನೆಯಿಂದಲೇ ಬಾಯಲ್ಲಿಟ್ಟುಕೊಂಡು ಬಂದಿದ್ದಳು. ಕೈಯಲ್ಲಿದ್ದ ಮಲ್ಲಿಗೆ ಮೊಳವನ್ನು ನನಗೆ ಕೊಟ್ಟು, ಗೇಟಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಕೋಳಿ ಕಾಲುಗಳನ್ನು ಜಾಲರಿಯ ಮೇಲಿಟ್ಟೆ, ಚುಂಯ್ ಅಂದವು.

ಐದು ನಿಮಿಷವೂ ಆಗಿರಲಿಲ್ಲ, ಅಗ್ನಿಶಾಮಕ ದಳ ಬಂತು. ನಮ್ಮೂರಿನ ಅಗ್ನಿಶಾಮಕ ದಳವೆಂದರೆ ಒಂದು ಜೀಪು, ಅದರಲ್ಲಿ ತಿಪ್ಪೇಸ್ವಾಮಿ ಮೇಷ್ಟ್ರು. ನೀರಿನ ಕೊಳವೆ ಗೀಳವೆ ಏನೂ ಇಲ್ಲ. ಎಲ್ಲಿ ಬೆಂಕಿ ಬಿದ್ದರೂ ಮೇಷ್ಟ್ರು ಹೋಗಿ ಮನೆಯವರಿಗೆ ಬುದ್ಧಿ ಹೇಳುತ್ತಾರೆ, ಆರಿಹೋಗುತ್ತದೆ. ಮೂವತ್ತೆಂಟು ವರ್ಷ ಪಾಠ ಹೇಳಿದವರು, ಅವರೆದುರು ಗೋದಾಮಿನ ಬೆಂಕಿಯೂ ಹತ್ತು ನಿಮಿಷ ನಿಂತದ್ದಿಲ್ಲ. ಅಂಗಳದಲ್ಲಿ ಹೊಗೆ ಕಂಡು ಯಾರೋ ಪುಣ್ಯಾತ್ಮರು ಫೋನ್ ಮಾಡಿದ್ದರು. ನಾನು "ಮೇಷ್ಟ್ರೇ, ಬೇಡ, ಇದು ಅಡುಗೆ…" ಎಂದು ಕೈಯೆತ್ತಿ ಓಡುವಷ್ಟರಲ್ಲಿ ಅವರು ಜೀಪಿನಿಂದ ಇಳಿಯುತ್ತಲೇ ಶುರುಮಾಡಿದ್ದರು. "ನೋಡಮ್ಮಾ, ಬಯಲಲ್ಲಿ ಬೆಂಕಿ ಹಾಕುವಾಗ ಮೊದಲು ಗಾಳಿ ಯಾವ ದಿಕ್ಕಿನದು ಅಂತ ನೋಡ್ಕೋಬೇಕು."

ತೊಟ್ಟಿಯ ತುಂಬ ಇದ್ದ ಕೆಂಡ ಒಂದೇ ಉಸಿರಿಗೆ ಕಪ್ಪಾಯಿತು. ಮೇಷ್ಟ್ರು ಜಾಲರಿಯ ಮೇಲಿನ ಕೋಳಿ ನೋಡಿ, ಬೋರೇಗೌಡರ ಇಸ್ತ್ರಿ ಅಂಗಿ ನೋಡಿ, ನನ್ನ ತಲೆಯ ಮಲ್ಲಿಗೆ ನೋಡಿ, "ಛೇ, ಛೇ, ಹುಟ್ಟುಹಬ್ಬವೇ?" ಎಂದು ನೊಂದುಕೊಂಡರು. ಬಂದವರನ್ನು ಕಳಿಸುವುದು ಹೇಗೆ? ಅವರಿಗೂ ಒಂದು ಕುರ್ಚಿ, ಎರಡು ಉತ್ತುತ್ತೆ ಕೊಟ್ಟೆ. ಅವರಿಗೆ ಒಂದು ಸಾಲದೆಂದು ನನಗೆ ಅನ್ನಿಸಿತು.

ಮತ್ತೆ ಇಜ್ಜಲು ಸುರಿದು, ಬೀಸಣಿಗೆ ಬೀಸಿ, ಮುಕ್ಕಾಲು ಗಂಟೆಗೆ ಕೆಂಡ ಮಾಡಿದೆ. ಎಲ್ಲರೂ ಬಾಯಿಗೆ ಹೊಸ ಉತ್ತುತ್ತೆ ಹಾಕಿಕೊಂಡರು. ಈ ಸಲ ಬೋರೇಗೌಡರ ಹುಬ್ಬಿನ ಕಾಟ ಶುರುವಾಯಿತು. ಬಾಯಿ ಮುಚ್ಚಿಕೊಂಡೇ ಇದ್ದರು, ಆದರೆ ನಾನು ಇಕ್ಕಳ ಎತ್ತಿದಾಗ ಅವರ ಬಲಹುಬ್ಬು ಎಡದ ಕೋಳಿ ಕಾಲಿನ ಕಡೆ ಹೋಗುತ್ತಿತ್ತು, ಕೆಂಡ ಒಂದು ಕ್ಷಣ ಮಂಕಾಗುತ್ತಿತ್ತು. ಫಿಲೋಮಿನಾ ಗೌಡರ ಕುರ್ಚಿಯನ್ನು ಹಿಡಿದು ಗೋಡೆಯ ಕಡೆ ತಿರುಗಿಸಿದಳು. ಆಮೇಲೆ ತನ್ನ ಮೇಲೂ ನಂಬಿಕೆಯಿಲ್ಲದೆ ತನ್ನ ಕುರ್ಚಿಯನ್ನೂ, ಮೇಷ್ಟ್ರ ಕುರ್ಚಿಯನ್ನೂ ತಿರುಗಿಸಿದಳು. ಮೂವರೂ ನನಗೆ ಬೆನ್ನು ಹಾಕಿ, ಸುಣ್ಣ ಬಳಿದ ಬರೀ ಗೋಡೆಯನ್ನು ಸಿನಿಮಾ ನೋಡುವವರ ಹಾಗೆ ನೋಡುತ್ತಾ ಕೂತರು. ಕೋಳಿಯ ವಾಸನೆ ಬಂದಾಗೊಮ್ಮೆ ಮೂರು ಬೆನ್ನೂ ಒಟ್ಟಿಗೆ ನೆಟ್ಟಗಾಗುತ್ತಿದ್ದವು.

ಗೇಟಿನ ಹತ್ತಿರ ಮಣಿ ಮಾತ್ರ ನನ್ನ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಹುಬ್ಬು ಅಲ್ಲಾಡಲಿಲ್ಲ, ಕೈ ಅಲ್ಲಾಡಲಿಲ್ಲ. ಈಗ ಹೇಳುತ್ತೇನೆ, ಬದನೆಕಾಯಿ ಸುಟ್ಟಾದ ಮೇಲೆ ಹೇಳುತ್ತೇನೆ, ಜೋಳ ಇಟ್ಟ ಮೇಲೆ ಹೇಳುತ್ತೇನೆ ಎಂದು ನಾನು ಮನಸ್ಸಿನಲ್ಲೇ ಮುಂದೂಡುತ್ತಿದ್ದೆ. ಹೀಗೆ ಯೋಚಿಸುತ್ತಾ ಗುನುಗುತ್ತಿದ್ದ ಹಾಡು ಯಾವಾಗ ನಿಂತಿತೋ ತಿಳಿಯಲಿಲ್ಲ. ಕೋಳಿಯ ಚರ್ಮ ಸೀದ ವಾಸನೆ ಮೂಗಿಗೆ ಬಡಿದಾಗ ಬೆಚ್ಚಿಬಿದ್ದು, "ಬೇಗ ತಿರುಗಿಸೇ ಹೊಂಬಾಳೆ, ಸೀಯುತ್ತೆ" ಎಂದುಬಿಟ್ಟೆ. ಹೊಂಬಾಳೆ ನನ್ನದೇ ಹೆಸರು.

ಕೆಂಡ ಆರಿತು. ಪಿಸುಮಾತಿನಷ್ಟೇ ಸಣ್ಣಗೆ ಹೇಳಿದ್ದೆ, ಬೆನ್ನು ಹಾಕಿದ್ದವರಿಗೆ ಏನೂ ಕೇಳಿರಲಿಲ್ಲ. ಚುಂಯ್ ಸದ್ದು ನಿಂತಿದ್ದಕ್ಕೆ ಮೂವರೂ ಕುರ್ಚಿಯಲ್ಲೇ ತಿರುಗಿದರು. ನನ್ನ ಕಡೆಗೆ ಯಾರೂ ನೋಡಲಿಲ್ಲ. ಮೂವರ ಕಣ್ಣೂ ನೇರ ಗೇಟಿಗೇ ಹೋದವು.

ಬೋರೇಗೌಡರು ಉತ್ತುತ್ತೆಯನ್ನು ಅಂಗೈಗೆ ಉಗುಳಿಕೊಂಡು ಮೆತ್ತಗೆ ಹೇಳಿದರು, "ಹೋಗ್ಲಿ ಬಿಡಿ ಮಣಿಯಕ್ಕಾ. ಹುಟ್ಟು ಗುಣ, ಏನ್ ಮಾಡಕ್ಕಾಯ್ತದೆ."

ಮಣಿ ಬಾಯಿ ಅಗಲಿಸಿ, ಒಳಗೆ ಒಂದು ಚೂರೂ ಸವೆಯದೆ ಇಡಿಯಾಗಿದ್ದ ಉತ್ತುತ್ತೆಯನ್ನು ಎಲ್ಲರಿಗೂ ತೋರಿಸಿದಳು.

"ಬಾಯಲ್ಲಿಟ್ಟುಕೊಂಡೂ ಮಾತಾಡಬಹುದು, ಅಭ್ಯಾಸವಿದ್ದರೆ" ಅಂದರು ಮೇಷ್ಟ್ರು. ಎರಡೆರಡು ಉತ್ತುತ್ತೆ ಬಾಯಲ್ಲಿದ್ದರೂ ಪ್ರತಿ ಅಕ್ಷರ ಸ್ಪಷ್ಟವಾಗಿತ್ತು.

ಮಣಿ ಸೆರಗು ಸರಿಮಾಡಿಕೊಂಡು ಎದ್ದಳು. ಗೇಟಿನ ಅಗುಳಿಗೆ ಕೈಹಾಕಿದಳು. ನನಗೆ ಮತ್ತೆ ಅದೇ ಹಿತ್ತಲು, ಅದೇ ನಾಲ್ಕು ಒಲೆ ಕಣ್ಣಿಗೆ ಕಟ್ಟಿದವು. ಗಾಳಿ ಬೀಸಿತು ಅನ್ನಬಹುದಿತ್ತು, ಇಜ್ಜಲು ಹಸಿ ಇತ್ತು ಅನ್ನಬಹುದಿತ್ತು. ಎರಡೂ ಸುಳ್ಳು ತುಟಿಯ ಮೇಲೇ ಇದ್ದವು.

"ನಾನು ಆರಿಸಿದ್ದು" ಅಂದೆ. "ಈಗಲೂ ನಾನೇ. ಆವತ್ತು ನಾಮಕರಣದಲ್ಲೂ ನಾನೇ. ಸಾರಿಗೆ ಬೆಲ್ಲ ಹಾಕು ಅಂದಿದ್ದು ನಾನು. ಮಣಿ ನನ್ನನ್ನ ತಿಂಡಿ ತಿಂದ್ಯಾ ಅಂತ ಕೇಳಿದಳು, ಅಷ್ಟೇ. ಬೀಗರ ಮುಂದೆ ಮರ್ಯಾದೆ ಹೋಗುತ್ತೆ ಅಂತ ಬಾಯಿಮುಚ್ಚಿಕೊಂಡೆ. ನಾಲ್ಕು ವರ್ಷ ಮುಚ್ಚಿಕೊಂಡೇ ಇದ್ದೆ."

ಫಿಲೋಮಿನಾ ಶಿಲುಬೆ ಗುರುತು ಹಾಕಿಕೊಂಡಳು. ಬೋರೇಗೌಡರು ಕೈಯಲ್ಲಿದ್ದ ಉತ್ತುತ್ತೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಬಾಯಿಗೇ ಹಾಕಿಕೊಂಡರು. ಮಣಿ ಅಗುಳಿಯ ಮೇಲೆ ಕೈಯಿಟ್ಟುಕೊಂಡೇ ತಿರುಗಿ ನನ್ನ ಕಡೆ ನೋಡಿ, ತನ್ನ ಬಾಯಲ್ಲಿದ್ದ ಉತ್ತುತ್ತೆ ತೆಗೆದಳು.

"ನೀನೇ ಅಂತ ನನಗೆ ಗೊತ್ತಿತ್ತು ಕಣೇ. ಪಕ್ಕದಲ್ಲೇ ನಿಂತಿದ್ದೆ, ಕಿವಿ ಕೇಳಲ್ವಾ ನನಗೆ? ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾದೆ. ಒಂದು ವಾರ ಅಂದ್ಕೊಂಡಿದ್ದೆ." ಉತ್ತುತ್ತೆಯನ್ನು ಎತ್ತಿ ತೋರಿಸಿದಳು. "ನಾಲ್ಕು ವರ್ಷ ಈ ದರಿದ್ರ ಉತ್ತುತ್ತೆ ಚೀಪಿದೀನಿ. ಎರಡು ದವಡೆ ಹಲ್ಲು ಹೋಯ್ತು."

ಹಾಗೆಂದು ಉತ್ತುತ್ತೆಯನ್ನು ಬೀಸಿ ಒಗೆದಳು. ಅದು ಸೀದಾ ನನ್ನ ಹಣೆಗೆ ಬಡಿದು ತೊಟ್ಟಿಯೊಳಗೆ ಬಿತ್ತು. ಅವಳು ಗೇಟು ತೆರೆದು ಹೋದಳು. ಅವಳ ಮನೆಯ ಬಾಗಿಲು ಹಾಕಿಕೊಂಡ ಸದ್ದು ನಮಗೆಲ್ಲ ಕೇಳಿಸಿತು.

ಮೂರನೇ ಸಲ ಕೆಂಡ ಮಾಡಿದೆ. ಈಗ ಯಾರಿಗೂ ಉತ್ತುತ್ತೆ ಬೇಕಾಗಲಿಲ್ಲ, ಯಾರಿಗೂ ಸಲಹೆ ಕೊಡುವ ಮನಸ್ಸಿರಲಿಲ್ಲ. ಕೋಳಿ ಚೆನ್ನಾಗಿಯೇ ಬೆಂದಿತು. ಬದನೆಕಾಯಿಗೆ ಬೆಳ್ಳುಳ್ಳಿ, ಹಸಿಮೆಣಸು ಹಾಕಿ ಹಿಸುಕಿ ರೊಟ್ಟಿಯ ಜೊತೆ ತಿಂದೆವು. ಜೋಳಕ್ಕೆ ನಿಂಬೆಹಣ್ಣು ಉಜ್ಜಿದೆ. ಬೋರೇಗೌಡರು ಹೋಗುವಾಗ ಗೇಟಿನ ಹತ್ತಿರದ ಸ್ಟೂಲನ್ನು ತಾವೇ ಎತ್ತಿ ಒಳಗಿಟ್ಟು, "ನಾವೆಲ್ಲಾ ಸೇರಿ ಹೆಸರಿಟ್ವಲ್ಲಕ್ಕಾ ಅವರಿಗೆ" ಎಂದು ತಲೆ ತಗ್ಗಿಸಿದರು. ಎಲ್ಲರೂ ಹೋದ ಮೇಲೆ, ಎತ್ತಿಟ್ಟಿದ್ದ ಒಂದು ಕೋಳಿ ಕಾಲು, ಒಂದು ಜೋಳವನ್ನು ತಟ್ಟೆಯಲ್ಲಿಟ್ಟು, ಮೇಲೊಂದು ಬಟ್ಟಲು ಮುಚ್ಚಿ, ನಡುಗೋಡೆಯ ಮೇಲಿಟ್ಟು ಬಂದೆ. ಅವಳ ಕಿಟಕಿ ಮುಚ್ಚಿಯೇ ಇತ್ತು. ಹೇಳಿದರೆ ಹಗುರವಾಗುತ್ತದೆಂದು ನಾಲ್ಕು ವರ್ಷ ಅಂದುಕೊಂಡಿದ್ದೆ. ಹಗುರವಾಗಲಿಲ್ಲ, ಹಣೆಯ ಮೇಲೊಂದು ಬುಗುಟೆ ಎದ್ದಿತು.

ಬೆಳಿಗ್ಗೆ ಎದ್ದು ನೋಡಿದರೆ ಗೋಡೆಯ ಮೇಲೆ ತಟ್ಟೆ ಬೋರಲಾಗಿತ್ತು. ಬೆಕ್ಕು ತಿಂದಿರಬೇಕೆಂದುಕೊಂಡೆ. ಎತ್ತಿ ನೋಡಿದರೆ ತೊಳೆದಿತ್ತು, ಬಟ್ಟಲೂ ತೊಳೆದಿತ್ತು. ಬೆಕ್ಕುಗಳು ಪಾತ್ರೆ ತೊಳೆಯುವಷ್ಟು ನಮ್ಮೂರು ಇನ್ನೂ ಕೆಟ್ಟಿಲ್ಲ. ತಟ್ಟೆಯನ್ನು ಎದೆಗೆ ಒತ್ತಿಹಿಡಿದುಕೊಂಡೇ ಒಳಗೆ ಬಂದು, ಒಲೆ ಹಚ್ಚಿ ಹಾಲಿಟ್ಟೆ. ಹಾಡು ಬರಲಿಲ್ಲ. ಹಣೆಯ ಬುಗುಟೆ ಸವರಿಕೊಳ್ಳುತ್ತಾ, ಈಗ ಹೋಗಿ ಕದ ತಟ್ಟಲೋ ಬೇಡವೋ ಎಂದು ನಿಂತುಬಿಟ್ಟೆ.

"ಹಾಲು ಉಕ್ಕುತ್ತೆ ನೋಡೇ!"

ಒಲೆ ಆರಿತು. ಪಾತ್ರೆಯ ಅಂಚಿನವರೆಗೆ ಎದ್ದಿದ್ದ ಹಾಲು ಅಲ್ಲೇ ನಿಂತು, ನಿಧಾನಕ್ಕೆ ಇಳಿಯಿತು. ಒಂದು ತೊಟ್ಟೂ ಚೆಲ್ಲಲಿಲ್ಲ. ನಾನು ಹೊರಗೆ ನೋಡಿದೆ. ಕರಿಬೇವಿನ ಗಿಡದ ಆಚೆ ಅವಳ ಕಿಟಕಿ ತೆರೆದಿತ್ತು, ಅವಳ ಮುಖ ಕಾಣುತ್ತಿರಲಿಲ್ಲ, ಬಳೆ ಸದ್ದು ಮಾತ್ರ ಕೇಳುತ್ತಿತ್ತು.

"ಮತ್ತೆ ಆ ಕೋಳಿಗೆ ಉಪ್ಪು ಕಮ್ಮಿಯಾಗಿತ್ತು" ಅಂದಳು.

ಕಡ್ಡಿಪೆಟ್ಟಿಗೆ ಕೈಯಲ್ಲೇ ಇತ್ತು. ಕಡ್ಡಿ ತೆಗೆದೆ, ಗೀರಲಿಲ್ಲ. ಅವಳು ಇನ್ನೂ ಏನಾದರೂ ಹೇಳುವುದಿದೆಯೇನೋ ಎಂದು ಕಾಯುತ್ತಾ, ಆರಿದ ಒಲೆಯ ಮುಂದೆ ಹಾಗೇ ನಿಂತೆ.